ಬ್ರೇಕ್ ಮೇಷ್ಟ್ರ ಲಿವರಿಗೆ ಬಿದ್ದ ಹಸಿರು ದೀಪ

ಕ್ಲಚ್ ಬಿಡುವುದನ್ನು ಕಲಿಸುವ ಮೊದಲು ಬ್ರೇಕ್ ಮೇಷ್ಟ್ರು ಕುಡಿತ ಬಿಡುವುದನ್ನು ಕಲಿಸುತ್ತಿದ್ದರು. ಅವರ ಡ್ರೈವಿಂಗ್ ಸ್ಕೂಲಿಗೆ ಹೊಸದಾಗಿ ಸೇರಿದವರು ಯಾರೇ ಆಗಲಿ, ಮೊದಲ ದಿನ ಸೀಟು ಹೊಂದಿಸಿಕೊಂಡು, ಕನ್ನಡಿ ಸರಿಮಾಡಿಕೊಂಡು ಕಾಯಬೇಕು. ಕೀಲಿ ಮೇಷ್ಟ್ರ ಮುಷ್ಟಿಯಲ್ಲಿರುತ್ತಿತ್ತು. ಗ್ಲಾಸು ಹಿಡಿದ ಕೈ ಸ್ಟೀರಿಂಗ್ ಹಿಡಿಯಬಾರದು, ಸ್ಟೀರಿಂಗ್ ಹಿಡಿಯುವ ಕೈ ಗ್ಲಾಸು ಮುಟ್ಟಬಾರದು ಎಂದು ಶುರುವಾದ ಉಪದೇಶ, ಕುಡಿದು ಓಡಿಸಿ ಸತ್ತವರ, ಸಾಯಿಸಿದವರ ಕಥೆಗಳನ್ನೆಲ್ಲ ಸುತ್ತಿ ಬಂದು, ಕಲಿಯಲು ಕೂತವನು "ಆಯ್ತು ಸಾರ್" ಎಂದು ತಲೆಯಾಡಿಸಿದ ಮೇಲೆ ಮುಗಿಯುತ್ತಿತ್ತು. ಆಮೇಲೆ ಕೀಲಿ ಸಿಗುತ್ತಿತ್ತು.

ಪಕ್ಕದ ಸೀಟಿನಲ್ಲಿ ಅವರ ಕಾಲಿನ ಬಳಿ ಇನ್ನೊಂದು ಬ್ರೇಕ್ ಇತ್ತು. ಹುಡುಗರು ತಪ್ಪು ಮಾಡುವ ಯೋಚನೆ ಮಾಡುವಷ್ಟರಲ್ಲಿ ಕಾರು ನಿಂತಿರುತ್ತಿತ್ತು. ಅದಕ್ಕೇ ಊರು ಅವರಿಗೆ ಬ್ರೇಕ್ ಮೇಷ್ಟ್ರು ಎಂದು ಹೆಸರಿಟ್ಟಿತ್ತು. ರಸ್ತೆ ಸುರಕ್ಷತೆಯ ಸಭೆ ಎಲ್ಲಿ ನಡೆದರೂ ವೇದಿಕೆಯ ಮೇಲೆ ಅವರಿಗೊಂದು ಕುರ್ಚಿ ಇದ್ದೇ ಇರುತ್ತಿತ್ತು. ಕುಡಿತದ ವಿಷಯಕ್ಕೆ ಬಂದಾಗ ಅವರ ದನಿ ಎಷ್ಟು ಏರುತ್ತಿತ್ತೆಂದರೆ, ಮೈಕಿನವನು ಮೊದಲೇ ವಾಲ್ಯೂಮು ತಗ್ಗಿಸಿ ಇಟ್ಟುಕೊಳ್ಳುತ್ತಿದ್ದ.

ಇದೆಲ್ಲ ಹಗಲಿನ ಮಾತು. ಸಂಜೆ ಕೊನೆಯ ಪಾಠ ಮುಗಿಸಿ, ಕಾರನ್ನು ಸ್ಕೂಲಿನ ಹಿಂದಿನ ಷೆಡ್ಡಿಗೆ ಬಿಟ್ಟು, ಷಟರ್ ಅರ್ಧ ಎಳೆದು, ಮೇಷ್ಟ್ರು ತಮ್ಮದೇ ಸೀಟಿನಲ್ಲಿ ಕೂತು ಕುಡಿಯುತ್ತಿದ್ದರು. ಆದರೆ ಅವರು ಸುಳ್ಳುಗಾರರಲ್ಲ. ಗ್ಲಾಸು ಮುಟ್ಟಬಾರದು ಎಂದು ಹೇಳಿದವರು ಗ್ಲಾಸನ್ನು ಮುಟ್ಟಿದ್ದೇ ಇಲ್ಲ, ಬಾಟಲಿಯನ್ನೇ ಎತ್ತುತ್ತಿದ್ದರು. ಕುಡಿದ ಮೇಲೆ ಗಾಡಿ ಓಡಿಸಿದ್ದೂ ಇಲ್ಲ. ಬಾಯಿಗೆ ಲವಂಗ ಹಾಕಿಕೊಂಡು ಮನೆಗೆ ನಡೆದೇ ಹೋಗುತ್ತಿದ್ದರು. ಕಾರಿದ್ದೂ ನಡೆಯುವ ಮನುಷ್ಯ, ಎಂಥ ಶಿಸ್ತು ಎಂದು ಬೀದಿಯವರು ಮೆಚ್ಚುತ್ತಿದ್ದರು.

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ? ಷೆಡ್ಡಿನ ಎದುರಿನ ಪಂಕ್ಚರ್ ಅಂಗಡಿಯವನಿಗೆ ಗೊತ್ತಿತ್ತು. ಖಾಲಿ ಬಾಟಲಿ ಒಯ್ಯುವ ಹಳೇ ಪೇಪರಿನವನಿಗೆ ಗೊತ್ತಿತ್ತು. ಮೆಚ್ಚುತ್ತಿದ್ದ ಬೀದಿಯವರಿಗೂ ಗೊತ್ತಿತ್ತು. ಮನೆಯಲ್ಲಿ ಲವಂಗದ ಡಬ್ಬಿ ಯಾಕೆ ಇಷ್ಟು ಬೇಗ ಖಾಲಿಯಾಗುತ್ತದೆ ಎಂದು ಹೆಂಡತಿ ಒಂದು ದಿನವೂ ಕೇಳಲಿಲ್ಲ, ತುಂಬಿಸಿ ಇಡುತ್ತಿದ್ದಳು. ಮರ್ಯಾದೆ ಎನ್ನುವುದು ಹೀಗೆಯೇ ನಡೆಯುತ್ತದೆ. ಒಬ್ಬನು ಮುಚ್ಚಿಡಬೇಕು, ಉಳಿದವರು ಕಾಣದಂತೆ ಇರಬೇಕು, ಇಬ್ಬರಿಗೂ ಶ್ರಮ.

ಇಂಥ ಮೇಷ್ಟ್ರ ಲಿವರಿನಲ್ಲಿ ಗಡ್ಡೆ ಸಿಕ್ಕಿತು. ಕ್ಯಾನ್ಸರ್ ಎಂದರು. ಆಪರೇಶನ್ ಮಾಡಿ ಆ ಭಾಗವನ್ನೇ ಕತ್ತರಿಸಿ ತೆಗೆಯಬಹುದು, ಪುಣ್ಯಕ್ಕೆ ಬೇಗ ಸಿಕ್ಕಿದೆ ಎಂದರು.

ಆಸ್ಪತ್ರೆಗೆ ಮನೆಯವರೆಲ್ಲ ಹೊರಟರು. ಈ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಕಾಯಿಲೆ ಯಾರಿಗಾದರೂ ಬರಲಿ, ಡಾಕ್ಟರಿಗೆ ಉತ್ತರ ಕೊಡುವವರು ಬೇರೆಯವರು. ಕಾಯಿಲೆಯವನು ಸುಮ್ಮನೆ ಕೂತು ನರಳಿದರೆ ಸಾಕು, ಮಾತಿನ ಶ್ರಮ ಅವನಿಗೆ ಯಾಕೆ ಎಂಬ ಪ್ರೀತಿ. ಹಾಗಾಗಿ ಕಂಪ್ಯೂಟರ್ ಮುಂದೆ ಕೂತ ನರ್ಸಮ್ಮ ಮೇಷ್ಟ್ರನ್ನೇ ನೋಡಿ ವಯಸ್ಸು ಕೇಳಿದರೂ ಉತ್ತರ ಅವರ ಅಕ್ಕನಿಂದ ಬಂತು. ಅಕ್ಕ ಎರಡು ವರ್ಷ ಕಡಿಮೆ ಹೇಳಿದರು. ತಮ್ಮನ ಮದುವೆಯ ಮಾತುಕತೆಯಲ್ಲಿ ಹಾಗೆ ಹೇಳಿದ್ದರು, ಈಗ ಅವನ ಹೆಂಡತಿಯ ಎದುರು ಸರಿಯಾದ್ದು ಹೇಳುವುದು ಹೇಗೆ? ಸಕ್ಕರೆ ಕಾಯಿಲೆ ಇದೆಯೇ ಎಂದರೆ ಹೆಂಡತಿಯ ತಮ್ಮ, "ಬಾರ್ಡರಲ್ಲಿದೆ" ಎಂದ. ವ್ಯಾಯಾಮ? "ದಿನಾ ಸಂಜೆ ನಡೀತಾರೆ," ಎಂದು ಅವನೇ ಸೇರಿಸಿದ. ಕೋಪ? ಅಕ್ಕ ನಕ್ಕು, ಇವನಿಗೆ ಕೋಪವೆಂದರೇನೆಂದೇ ಗೊತ್ತಿಲ್ಲ ಎಂದರು. ಅದನ್ನು ನರ್ಸಮ್ಮ ಕೇಳಿಯೇ ಇರಲಿಲ್ಲ.

"ಕುಡಿಯೋ ಅಭ್ಯಾಸ?"

"ಅಯ್ಯೋ, ಮುಟ್ಟೋದೇ ಇಲ್ಲ," ಎಂದಳು ಹೆಂಡತಿ.

ನರ್ಸಮ್ಮನ ಬೆರಳು ಒಂದು ಕೀಲಿ ಒತ್ತಿತು, ಅಷ್ಟೇ. ಮೇಷ್ಟ್ರು ಬಾಯಿ ತೆರೆದಿದ್ದರು, ಮುಚ್ಚಿಕೊಂಡರು.

ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಕಷ್ಟವೇನೆಂದರೆ ಅವರೂ ಮೇಷ್ಟ್ರ ಶಿಷ್ಯರೇ. ರಿವರ್ಸ್ ತೆಗೆಯಲು ಬರದೆ ಇದೇ ಮೇಷ್ಟ್ರ ಪಕ್ಕದಲ್ಲಿ ಕಣ್ಣೀರು ಹಾಕಿದ್ದವರು. ಲಿವರಿನ ಚಿತ್ರ ನೋಡಿ ಅವರು ಹುಬ್ಬು ಗಂಟಿಕ್ಕಿದರು. ಕುಡಿಯದವರ ಲಿವರ್ ಹೀಗೆ ಕಲೆಗಟ್ಟಿ ಗಡುಸಾಗುವುದು ಹೇಗೆ ಎಂದು ತಮ್ಮಲ್ಲೇ ಕೇಳಿಕೊಂಡರು. ಕಂಡವರ ಮಕ್ಕಳು ಗಾಡಿ ಗುದ್ದುತ್ತಾರೇನೋ ಎಂದು ಜೀವಮಾನವೆಲ್ಲ ಚಿಂತೆ ಮಾಡಿದ್ದಾನಲ್ಲ, ಆ ಚಿಂತೆಗೇ ಹಾಗಾಗಿದೆ ಎಂದು ಅಕ್ಕ ಕಾರಣ ಕೊಟ್ಟರು. ಡಾಕ್ಟರು ಚಿಂತೆಯನ್ನು ಬರೆದುಕೊಳ್ಳಲಿಲ್ಲ, ಆದರೆ ಗುರುವನ್ನು ಅನುಮಾನಿಸಲೂ ಮನಸ್ಸು ಬರಲಿಲ್ಲ. ಕುಡಿಯದವರಿಗೂ ಕೊಬ್ಬಿನಿಂದ ಹೀಗಾಗುವುದುಂಟು ಎಂದು ಸಮಾಧಾನ ಮಾಡಿಕೊಂಡರು.

ಆಪರೇಶನ್ ಚೆನ್ನಾಗಿಯೇ ಆಯಿತು. ಹೊಲಿಗೆ ಬಿಚ್ಚಿದ ದಿನ ಡಾಕ್ಟರು ಹುರುಪಿನಿಂದ ಕಂಪ್ಯೂಟರಿನ ಪರದೆಯನ್ನು ಎಲ್ಲರ ಕಡೆ ತಿರುಗಿಸಿದರು. ಆಸ್ಪತ್ರೆಗೆ ಹೊಸದಾಗಿ ಕೃತಕ ಬುದ್ಧಿಮತ್ತೆ ಬಂದಿತ್ತು. ಅದು ಬಂದ ಖುಷಿಗೆ ಬಾಗಿಲಲ್ಲಿ ಬ್ಯಾನರ್ ಕಟ್ಟಿದ್ದರು, ಲಿಫ್ಟ್ ಮಾತ್ರ ಕೆಟ್ಟು ನಿಂತಿತ್ತು. ಕತ್ತರಿಸಿದ ತುಂಡಿನ ಚಿತ್ರ, ಸ್ಕ್ಯಾನಿನ ಚಿತ್ರ, ರಕ್ತದ ಲೆಕ್ಕ, ಮನೆಯವರು ಕೊಟ್ಟ ಉತ್ತರಗಳು, ಎಲ್ಲವನ್ನೂ ಈ ಎಐ ಸಾವಿರಾರು ಹಳೆಯ ರೋಗಿಗಳ ಜೊತೆ ಹೋಲಿಸಿ, ಕ್ಯಾನ್ಸರ್ ಮರಳಿ ಬರುವ ಸಂಭವ ಎಷ್ಟು ಎಂದು ಹೇಳುತ್ತದೆ ಎಂದು ಡಾಕ್ಟರು ವಿವರಿಸಿದರು. ಕೆಂಪು ಬಂದರೆ ಸಂಭವ ಹೆಚ್ಚು, ಮೇಲಿಂದ ಮೇಲೆ ಸ್ಕ್ಯಾನ್ ಆಗಬೇಕು. ಹಳದಿ ಬಂದರೆ ನಡುವೆ. ಹಸಿರು ಬಂದರೆ ಆರು ತಿಂಗಳಿಗೊಮ್ಮೆ ಬಂದರಾಯಿತು.

ಮೇಷ್ಟ್ರಿಗೆ ಹಸಿರು ಬಂದಿತ್ತು.

ಇದು ಅಂದಾಜು ಮಾತ್ರ, ಹಸಿರೆಂದರೆ ಬರುವುದೇ ಇಲ್ಲವೆಂದಲ್ಲ, ಹಾಕಿದ ಮಾಹಿತಿ ಸರಿಯಿದ್ದರೆ ಅಂದಾಜು ಸರಿ ಎಂದು ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಇನ್ನೂ ಏನೇನೋ ಹೇಳಿದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಹೆಂಡತಿಯ ತಮ್ಮ ಆಗಲೇ ಪರದೆಯ ಫೋಟೋ ತೆಗೆದು ಮನೆತನದ ವಾಟ್ಸಾಪ್ ಗ್ರೂಪಿಗೆ ಕಳಿಸಿಬಿಟ್ಟಿದ್ದ. ಅಕ್ಕ ಅದನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ ತಂದರು. ಎದುರುಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರಿಗೆ ಇದೇ ಆಸ್ಪತ್ರೆಯಲ್ಲಿ ಇದೇ ಆಪರೇಶನ್ ಆಗಿ ಹಳದಿ ಬಂದಿತ್ತು. ಅಕ್ಕ ಅವರನ್ನು ಸಂತೈಸಲು ಹೋದರು. ಸಂತೈಸುವಾಗ ಕೈಯಲ್ಲಿ ಆ ಪ್ರಿಂಟ್ ಇತ್ತು. ಶಿಸ್ತಿನಿಂದ ಬದುಕಿದವರಿಗೆ ಯಂತ್ರವೂ ತಲೆಬಾಗುತ್ತದೆ ಎಂದು ಹೇಳಿ ಬಂದರಂತೆ. ಅಲ್ಲಿಂದ ಮುಂದೆ ಮ್ಯಾನೇಜರ ಮನೆಯವರು ಇವರನ್ನು ಕಂಡರೆ ಬಾಗಿಲು ಹಾಕಿಕೊಳ್ಳತೊಡಗಿದರು. ಕ್ಯಾನ್ಸರಿನಲ್ಲೂ ಕ್ಲಾಸು ಪಾಸಾಗುವುದು, ಫೇಲಾಗುವುದು ಇದೆಯೆಂದು ಆ ಬೀದಿಗೆ ಗೊತ್ತಾದದ್ದೇ ಆಗ.

ಯಂತ್ರವನ್ನು ಬೈಯಬೇಕಾಗಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪ್ರಾಣಿ ಅದು. ಮುಟ್ಟುವುದೇ ಇಲ್ಲ ಎಂದರು, ನಂಬಿತು. ಇಡೀ ಊರಿಗೆ ಗೊತ್ತಿದ್ದ ಸಂಗತಿ ಗೊತ್ತಿಲ್ಲದೆ ಉಳಿದದ್ದು ಅದಕ್ಕೆ, ಮತ್ತು ಗುರುವನ್ನು ನಂಬಿದ ಡಾಕ್ಟರಿಗೆ ಮಾತ್ರ.

ಮೇಷ್ಟ್ರು ಆಪರೇಶನ್ನಿನ ಹೆದರಿಕೆಗೆ ಕುಡಿತ ಬಿಟ್ಟಿದ್ದರು. ನಿಜವಾಗಿ ಬಿಟ್ಟಿದ್ದರು. ಸಂಜೆಯಾದರೆ ಕೈ ನಡುಗುತ್ತಿತ್ತು, ಷೆಡ್ಡಿನ ಕಡೆ ತಲೆ ಹಾಕುತ್ತಿರಲಿಲ್ಲ. ಕಾರನ್ನು ಬೀದಿಯಲ್ಲೇ ನಿಲ್ಲಿಸುತ್ತಿದ್ದರು. ಹಸಿರು ಬಂದ ಮೇಲೆ ಆ ಹೆದರಿಕೆಯ ಬುಡ ಸಡಿಲವಾಯಿತು. ಯೋಚನೆ ಮಾಡಿದರು. ಇಷ್ಟು ವರ್ಷ ಕುಡಿದ ಲಿವರನ್ನು ಎಐ ನೋಡಿದೆ. ಒಳಗಿನ ತುಂಡನ್ನೇ ನೋಡಿದೆ. ನೋಡಿಯೂ ಹಸಿರು ಕೊಟ್ಟಿದೆ. ಅಂದರೆ ಕುಡಿದದ್ದರಿಂದ ಅಂಥದ್ದೇನೂ ಆಗಿಲ್ಲ. ಆಗಿಲ್ಲವೆಂದ ಮೇಲೆ ಸ್ವಲ್ಪ ತಗೊಂಡರೆ ಮುಂದೆಯೂ ಆಗುವುದಿಲ್ಲ. ಕುಡಿಯುವುದಿಲ್ಲ ಎಂದು ಹೇಳಿ ಪಡೆದ ಹಸಿರನ್ನೇ ಕುಡಿಯಲು ಪರವಾನಗಿ ಮಾಡಿಕೊಂಡ ತರ್ಕ ಇದು. ಸಿಗ್ನಲ್ಲಿನಲ್ಲಿ ಹಸಿರು ಬಿದ್ದರೆ ಕಣ್ಣು ಮುಚ್ಚಿ ನುಗ್ಗು ಅಂತಲ್ಲ, ಎರಡೂ ಕಡೆ ನೋಡಿ ಹೋಗು ಅಂತ, ಎಂದು ಶಿಷ್ಯರಿಗೆ ಸಾವಿರ ಸಲ ಹೇಳಿದ್ದ ಮನುಷ್ಯ ಯಾವ ಕಡೆಯೂ ನೋಡದೆ ನುಗ್ಗಿದರು. ಕಾರು ಮತ್ತೆ ಷೆಡ್ಡಿಗೆ ಹೋಯಿತು, ಷಟರ್ ಮತ್ತೆ ಅರ್ಧ ಇಳಿಯಿತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ಒಂದು ಸಂಜೆ ಮಾತ್ರ ಬಾಟಲಿ ಅರ್ಧಕ್ಕೆ ನಿಂತಿತು. ಕಾರಿನಲ್ಲಿ ಕೂತು, ಯಂತ್ರಕ್ಕೆ ಕಂಡ ಮನುಷ್ಯ ಹೇಗಿರಬಹುದು ಎಂದು ಅವರು ಸುಮ್ಮನೆ ಊಹಿಸಿಕೊಂಡರು. ಎರಡು ವರ್ಷ ಚಿಕ್ಕವನು. ಕೋಪವೇ ಇಲ್ಲ. ಆರೋಗ್ಯಕ್ಕಾಗಿ ನಡೆಯುತ್ತಾನೆ. ಹನಿ ಮುಟ್ಟುವುದಿಲ್ಲ. ಇಂಥವನು ಯಾರಪ್ಪಾ ಎಂದು ನೋಡಿದರೆ, ತಮ್ಮ ಹೆಂಡತಿ ಮದುವೆಯಾಗಬೇಕೆಂದುಕೊಂಡಿದ್ದ ಗಂಡ. ಆ ಹಸಿರು ಬಿದ್ದಿರುವುದು ಅವನಿಗೆ. ಕ್ಯಾನ್ಸರ್ ಮರಳಿದರೆ ಮಾತ್ರ ಅವನನ್ನು ಹುಡುಕಿಕೊಂಡು ಹೋಗುವುದಿಲ್ಲ, ಈ ಸೀಟಿಗೇ ಬರುತ್ತದೆ. ಮೇಷ್ಟ್ರು ಬಾಟಲಿಯ ಮುಚ್ಚಳ ತಿರುಗಿಸಿ ಸೀಟಿನ ಕೆಳಗೆ ತಳ್ಳಿದರು.

ಮರುದಿನ ಯಾರಿಗೂ ಹೇಳದೆ ಒಬ್ಬರೇ ಆಸ್ಪತ್ರೆಗೆ ಹೋದರು. ನಿಜ ಹೇಳಿಬಿಡುವುದು, ಮತ್ತೆ ಲೆಕ್ಕ ಹಾಕಿಸುವುದು, ಮನೆಯವರಿಗೆ ಗೊತ್ತಾಗುವುದೇ ಬೇಡ ಎಂದು ನಿರ್ಧಾರ. ಡಾಕ್ಟರು ಎದ್ದು ನಿಂತು ಕೂರಿಸಿದರು. ಕೋಣೆಯಲ್ಲಿ ಇಬ್ಬರು ಹೊಸ ಡಾಕ್ಟರುಗಳಿದ್ದರು. ಅವರ ಕಡೆ ತಿರುಗಿ, ತಾವು ಕಾಲೇಜಿನಲ್ಲಿದ್ದಾಗ ಗೆಳೆಯರೆಲ್ಲ ಕುಡಿಯುತ್ತಿದ್ದರೂ ತಾವೊಬ್ಬರೇ ಮುಟ್ಟದೆ ಉಳಿದದ್ದು ಈ ಮೇಷ್ಟ್ರ ಒಂದು ಮಾತಿನಿಂದ ಎಂದು ಡಾಕ್ಟರು ಹೆಮ್ಮೆಯಿಂದ ಹೇಳಿದರು. ಹೊಸ ಡಾಕ್ಟರುಗಳು ಮೇಷ್ಟ್ರನ್ನು ಗೌರವದಿಂದ ನೋಡಿದರು. ಬಿಸಿ ತುಪ್ಪ ಬಾಯಿಗೆ ಬಂದ ಹಾಗಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಏನು ಬಂದಿರಿ ಎಂದು ಕೇಳಿದಾಗ ಮೇಷ್ಟ್ರು, ಈಗ ರಿವರ್ಸ್ ಸರಿಯಾಗಿ ತೆಗೆಯುತ್ತೀರಾ ಎಂದು ವಿಚಾರಿಸಲು ಬಂದೆ ಎಂದರು. ಎಲ್ಲರೂ ನಕ್ಕರು. ಗುರುವಿಗೆ ಎಂಥ ಹಾಸ್ಯಪ್ರಜ್ಞೆ ಎಂದು ಬಾಗಿಲವರೆಗೆ ಬಂದು ಬೀಳ್ಕೊಟ್ಟರು.

ಹೀಗೆ ಪ್ರಾಣ ತಕ್ಕಡಿಯ ಒಂದು ತಟ್ಟೆಯಲ್ಲಿ, ಮರ್ಯಾದೆ ಇನ್ನೊಂದರಲ್ಲಿ ತೂಗಾಡುತ್ತಿರುವಾಗಲೇ ಆರು ತಿಂಗಳು ತುಂಬಿತು. ತಪಾಸಣೆಯ ದಿನ ಮನೆಯವರೆಲ್ಲ ಮತ್ತೆ ಹೊರಟರು. ಅಕ್ಕ ಇನ್ನೊಂದು ಹಸಿರಿನ ನಿರೀಕ್ಷೆಯಲ್ಲಿ ಒಳ್ಳೆಯ ಸೀರೆ ಉಟ್ಟಿದ್ದರು. ಹೆಂಡತಿ ದಾರಿಯುದ್ದಕ್ಕೂ ಬ್ಯಾಗನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದಳು.

ಯಂತ್ರಕ್ಕೆ ಪ್ರತಿ ಸಲವೂ ಎಲ್ಲವನ್ನೂ ಹೊಸದಾಗಿ ಹೇಳಬೇಕಂತೆ. ಅದೇ ನರ್ಸಮ್ಮ, ಅದೇ ಪ್ರಶ್ನೆಗಳು. ವಯಸ್ಸನ್ನು ಅಕ್ಕ ಹೇಳಿದರು. ವ್ಯಾಯಾಮವನ್ನು ಹೆಂಡತಿಯ ತಮ್ಮ ಹೇಳಿದ. ಡಾಕ್ಟರು ಪಕ್ಕದಲ್ಲಿ ನಿಂತು ರಕ್ತದ ವರದಿ ತಿರುವಿ ಹಾಕುತ್ತಿದ್ದರು.

"ಕುಡಿಯೋ ಅಭ್ಯಾಸ?"

ಎಲ್ಲರೂ ಹೆಂಡತಿಯನ್ನು ನೋಡಿದರು. ಅದು ಅವಳ ಪ್ರಶ್ನೆ. ಅವಳು ಮಡಿಲಲ್ಲಿದ್ದ ಬ್ಯಾಗಿನ ಕಡೆ ನೋಡುತ್ತ ಸುಮ್ಮನೆ ಕೂತಿದ್ದಳು. ಕೇಳಿಸಲಿಲ್ಲವೇನೋ ಎಂದು ನರ್ಸಮ್ಮ ಇನ್ನೊಮ್ಮೆ ಕೇಳಿದರು. ಅವಳು ತಲೆ ಎತ್ತಲಿಲ್ಲ. ಅಕ್ಕ ತಾವೇ ಹೇಳಲು ಬಾಯಿ ತೆರೆದರು. ಹೆಂಡತಿ ಅವರ ಕೈ ಹಿಡಿದು ಒತ್ತಿದಳು. ಅಕ್ಕನ ಬಾಯಿ ಹಾಗೇ ಮುಚ್ಚಿತು. ತಮ್ಮ ಪರವಾಗಿ ಮಾತಾಡುವವರು ಯಾರೂ ಉಳಿದಿಲ್ಲ ಎಂದು ಮೇಷ್ಟ್ರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಇದೆ," ಎಂದರು.

ನರ್ಸಮ್ಮನ ಬೆರಳು ಗಾಳಿಯಲ್ಲಿ ನಿಂತಿತು. ಡಾಕ್ಟರು ವರದಿಯಿಂದ ಕಣ್ಣು ತೆಗೆದರು. ಯಾವಾಗಲಾದರೂ ಒಂದೊಂದು ದಿನವೇ ಎಂದು ಅವರು ಮೆಲ್ಲಗೆ ಕೇಳಿದ ದನಿಯಲ್ಲಿ, ಹೌದು ಅನ್ನಿ ಮೇಷ್ಟ್ರೇ ಎಂಬ ಬೇಡಿಕೆ ಇತ್ತು. ಮೇಷ್ಟ್ರು ಆ ಆಸರೆಯನ್ನು ಹಿಡಿದುಕೊಂಡರು. ಯಾವಾಗಲಾದರೂ, ಇತ್ತೀಚೆಗೆ ಒಂದು ಹತ್ತು ವರ್ಷದಿಂದ ಎಂದರು.

"ಮದುವೆಗೂ ಮುಂಚಿಂದ," ಎಂದಳು ಹೆಂಡತಿ, ಬ್ಯಾಗಿನ ಕಡೆಯೇ ನೋಡುತ್ತ. "ದಿನಾ."

ನರ್ಸಮ್ಮ ಅಳಿಸಿ ಬರೆದರು. ದಿನಕ್ಕೆ ಎಷ್ಟು ಎಂದು ಕೇಳಿದರು. ಮೇಷ್ಟ್ರು ಹೆಬ್ಬೆರಳು ತೋರುಬೆರಳಿನ ನಡುವೆ ಒಂದಿಷ್ಟು ಜಾಗ ಬಿಟ್ಟು ತೋರಿಸಿದರು. ಹೆಂಡತಿ ಕೈ ಚಾಚಿ ಆ ಬೆರಳುಗಳನ್ನು ಇನ್ನಷ್ಟು ಅಗಲಿಸಿದಳು. ಆಪರೇಶನ್ ಆದ ಮೇಲೆ ಬಿಟ್ಟಿದ್ದಾರಲ್ಲವೇ ಎಂದು ಡಾಕ್ಟರು ಕೇಳಿದಾಗ ಅವಳು ಉತ್ತರ ಕೊಡಲಿಲ್ಲ. ಅದನ್ನು ಮೇಷ್ಟ್ರೇ ಕೊಡಬೇಕಾಯಿತು. ಹಸಿರು ಬಂತಲ್ಲ ಅಂತ ಮತ್ತೆ ಶುರು ಮಾಡಿದೆ ಎಂದರು. ಇದನ್ನು ಬಾಯಿಬಿಟ್ಟು ಹೇಳಿದಾಗಲೇ ಅದು ಎಷ್ಟು ಪೆದ್ದು ಮಾತು ಎಂದು ಅವರ ಕಿವಿಗೆ ತಟ್ಟಿತು.

ಡಾಕ್ಟರು ಗದರಲಿಲ್ಲ. ಗದರಿದ್ದರೆ ವಾಸಿಯಿತ್ತು. ಅವರ ಮುಖ, ರಿವರ್ಸ್ ಬಾರದೆ ಕಣ್ಣೀರು ಹಾಕಿದ ದಿನದ ಹಾಗಾಗಿತ್ತು. ಪರದೆಯಲ್ಲಿ ಬಣ್ಣ ಬದಲಾಯಿತು. ಹಸಿರು ಹೋಗಿ ಹಳದಿ ಬಂದು, ಅಲ್ಲಿ ನಿಲ್ಲದೆ ಕೆಂಪಾಯಿತು. ಅಷ್ಟು ದಿನ ಪರದೆಯನ್ನೇ ನೋಡಿಕೊಂಡಿದ್ದ ಡಾಕ್ಟರು ಪರದೆಯನ್ನು ಬಿಟ್ಟು ಮೇಷ್ಟ್ರ ಹೊಟ್ಟೆ ಮುಟ್ಟಿ ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ಅಂಗೈ ನೋಡಿದರು. ಇವತ್ತೇ ಸ್ಕ್ಯಾನ್ ಆಗಲಿ, ಇನ್ನು ಮುಂದೆ ಬೇಗ ಬೇಗ ಬರಬೇಕು, ಕುಡಿತ ಬಿಡಿಸುವ ಡಾಕ್ಟರೂ ಇದ್ದಾರೆ, ಅವರನ್ನು ನಾನೇ ಕರೆಸುತ್ತೇನೆ ಎಂದರು.

ಹೊರಗೆ ಬಂದದ್ದೇ ಅಕ್ಕ, ಈ ಕೆಂಪನ್ನು ಗ್ರೂಪಿಗೆ ಹಾಕಬೇಡ ಎಂದು ಹೆಂಡತಿಯ ತಮ್ಮನಿಗೆ ತಾಕೀತು ಮಾಡಿದರು. ಎದುರುಮನೆಯವರು ಕೇಳಿದರೆ ಏನು ಹೇಳುವುದು ಎಂದು ಇಬ್ಬರೂ ಕ್ಯಾಂಟೀನಿನ ಕಡೆ ಚರ್ಚಿಸುತ್ತ ಹೋದರು. ಮಿಷನ್ ಕೆಟ್ಟಿದೆ ಎನ್ನುವುದೇ ಸರಿ ಎಂದು ಅಕ್ಕ ಹೇಳುತ್ತಿದ್ದದ್ದು ಮೆಟ್ಟಿಲಿನವರೆಗೂ ಕೇಳುತ್ತಿತ್ತು.

ಸ್ಕ್ಯಾನಿನ ಕೋಣೆಯ ಹೊರಗೆ ಉದ್ದನೆಯ ಬೆಂಚು. ಗಂಡ ಹೆಂಡತಿ ಇಬ್ಬರೇ ಕೂತರು. ಮೇಷ್ಟ್ರಿಗೆ ಸಿಟ್ಟು ಬಂದಿತ್ತು. ಅಷ್ಟು ಜನರ ಎದುರು, ಅದೂ ಶಿಷ್ಯನ ಎದುರು, ಮಾನ ಹರಾಜಿಗೆ ಹಾಕಿದ ಹಾಗಾಯಿತಲ್ಲ ಎಂದರು. ಹೇಳುವುದಾದರೆ ಮೊದಲೇ ಮನೆಯಲ್ಲಿ ನನಗೆ ಹೇಳಬಹುದಿತ್ತು, ಬೈಯಬಹುದಿತ್ತು, ಇಷ್ಟು ವರ್ಷ ಒಂದು ಮಾತೂ ಆಡದೆ ಇಲ್ಲಿ ಬಂದು ಹೀಗೆ ಮಾಡಿದೆಯಲ್ಲ ಎಂದರು. ಅವಳು ಕೇಳಿಸಿಕೊಂಡಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡಳು. ಅವಳು ಅಳುತ್ತಿದ್ದಾಳೆಂದು ಮೇಷ್ಟ್ರಿಗೆ ಆಗ ಗೊತ್ತಾಯಿತು.

"ನಿಮ್ಮ ಮರ್ಯಾದೆ ಉಳೀಲಿ ಅಂತ ಸುಳ್ಳು ಹೇಳ್ಕೊಂಡು ಬಂದೆ ಕಣ್ರೀ. ಅದು ಉಳಿದ್ರೆ ನೀವೂ ಉಳಿದ ಹಾಗೇ ಅಂದ್ಕೊಂಡಿದ್ದೆ," ಎಂದಳು. "ಹಸಿರು ಬಂದಾಗ ಎಲ್ಲರೂ ಕುಣಿದ್ರು. ಅದು ಯಾಕೆ ಬಂತು ಅಂತ ನಂಗೊಬ್ಬಳಿಗೇ ಗೊತ್ತಿತ್ತು. ನೀವು ಅದನ್ನೇ ನಂಬ್ಕೊಂಡು ಮತ್ತೆ ಷೆಡ್ಡಿಗೆ ಹೋದ್ರಿ. ಒಂದ್ ವೇಳೆ ನಿಮಗೆ ಏನಾದ್ರೂ ಆಗಿದ್ರೆ, ನನ್ನ ಬಾಯಿಂದಲೇ ಆದ ಹಾಗಾಗ್ತಿತ್ತು."

ಮೇಷ್ಟ್ರ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅದು ಇದ್ದ ಜಾಗದಲ್ಲಿ ನಾಚಿಕೆ ಇತ್ತು, ಅದರ ಕೆಳಗೆ ಭಯ ಇತ್ತು. ಇಷ್ಟು ವರ್ಷದ ಸಂಸಾರದಲ್ಲಿ ಒಮ್ಮೆಯೂ ಆಡದ ಮಾತನ್ನು ಅವರು ಆಡಿದರು.

"ಹೆದರಿಕೆ ಆಗ್ತಿದೆ ಕಣೇ."

ಒಳಗಿನಿಂದ ಯಾರೋ ಬಾಗಿಲು ತೆರೆದು ಮುಂದಿನವರು ಬನ್ನಿ ಎಂದರು. ಮೇಷ್ಟ್ರು ಎದ್ದರು. ಕೆಂಪು ಬಂದುಬಿಡ್ತಲ್ಲ ಎಂದು ಮಗುವಿನ ಹಾಗೆ ಅವಳ ಕಡೆ ತಿರುಗಿ ನಿಂತರು.

"ಬರ್ಲಿ ಬಿಡಿ," ಎಂದಳು ಹೆಂಡತಿ, ಅವರ ಅಂಗಿಯ ಕಾಲರ್ ಸರಿ ಮಾಡುತ್ತ. "ಆ ಹಸಿರು ಯಾರದ್ದೋ. ಈ ಕೆಂಪು ನಮ್ದು. ನಮ್ದಾದ್ರೆ ನಾವು ನೋಡ್ಕೋಬಹುದು."